ಏರಿಯೊಳಗೆ ಹೂತುಹೋದ ತೂಬು

ಆ ಮೆಷೀನಿನ ಸದ್ದು ಈಗಲೂ ಒಮ್ಮೊಮ್ಮೆ ಕಿವಿಯಲ್ಲಿ ಬರುತ್ತದೆ. ಹೆಡ್‌ಫೋನ್ ಹಾಕಿಕೊಂಡು ಬರೀ ನೆಲದ ಮೇಲೆ ನಡೆದರೆ ದೂರದಲ್ಲೆಲ್ಲೋ ಒಂದು ಸೊಳ್ಳೆ ಹಾರಿದ ಹಾಗೆ, ಅಷ್ಟೇ. ಕಾಲ ಕೆಳಗೆ ಆಳದಲ್ಲಿ ಕಬ್ಬಿಣ ಬಂದರೆ ಆ ಸೊಳ್ಳೆ ಹತ್ತಿರವಾಗುತ್ತದೆ, ಆಮೇಲೆ ಜೀರುಂಡೆಯಾಗುತ್ತದೆ. ಇನ್ನೂ ಮುಂದೆ ಹೋದರೆ, ಕಾನ್ವೆಂಟಿನಲ್ಲಿ ನಮ್ಮ ಮ್ಯೂಸಿಕ್ ಸಿಸ್ಟರ್ ಪಿಟೀಲಿನ ಒಂದೇ ತಂತಿಯನ್ನು ಬಿಗಿ ಮಾಡುತ್ತಾ ಎಳೆಯುತ್ತಿದ್ದರಲ್ಲ, ಆ ಸ್ವರದಂತೆ ಏರಿ ಏರಿ ಹಲ್ಲು ಜುಂ ಅನ್ನಿಸುತ್ತದೆ. ನಾನು ಬೆನ್ಸನ್ ಟೌನಿನ ಮನೆಗೆ ಬಂದು ಊಟಕ್ಕೆ ಕೂತರೂ ಆ ಸ್ವರ ಬಿಡುತ್ತಿರಲಿಲ್ಲ.

ಇದು ತೊಂಬತ್ತರ ದಶಕದ ಕೊನೆಯ ಮಾತು. ಇಂದಿರಾನಗರದ ಒಂದು ಮನೆಯ ಗ್ಯಾರೇಜಿನಲ್ಲಿ ನಮ್ಮ ಆಫೀಸು. ಫ್ಯಾಕ್ಟರಿಗಳ ಕಾಂಪೌಂಡಿನೊಳಗೆ ಎಲ್ಲಿ ಹೂಳಿದ್ದೇವೆಂದು ಮರೆತುಹೋದ ಪೈಪು, ಕೇಬಲ್, ವಾಲ್ವುಗಳನ್ನು ಹುಡುಕಿಕೊಡುವುದು ನಮ್ಮ ಕೆಲಸ. ಅದಕ್ಕೆ ಎರಡು ಪೆಟ್ಟಿಗೆಯ ಲೊಕೇಟರ್ ಅಂತ ಒಂದು ಇನ್‌ಸ್ಟ್ರುಮೆಂಟ್ ಇತ್ತು. ಒಂದು ಉದ್ದನೆಯ ಕೋಲು, ಅದರ ಮುಂದಿನ ತುದಿಗೊಂದು ಪೆಟ್ಟಿಗೆ, ಹಿಂದಿನ ತುದಿಗೊಂದು ಪೆಟ್ಟಿಗೆ. ಮುಂದಿನದು ನೆಲದೊಳಕ್ಕೆ ಸಿಗ್ನಲ್ ಕಳಿಸುತ್ತದೆ, ಹಿಂದಿನದು ಕೇಳಿಸಿಕೊಳ್ಳುತ್ತದೆ. ಕೋಲನ್ನು ಸೂಟ್‌ಕೇಸಿನ ಹಾಗೆ ಕೈಯಲ್ಲಿ ಹಿಡಿದು ನಡೆಯಬೇಕು. ಮೊಳೆ, ನಾಣ್ಯ, ಬಾಟಲಿ ಮುಚ್ಚಳ ಇಂಥದ್ದಕ್ಕೆಲ್ಲ ಅದು ಸದ್ದು ಮಾಡುವುದಿಲ್ಲ. ಬಕೆಟ್ಟಿಗಿಂತ ದೊಡ್ಡದು ಇರಬೇಕು. ಅಷ್ಟು ದೊಡ್ಡದಿದ್ದರೆ ಹತ್ತು ಹನ್ನೆರಡು ಅಡಿ ಆಳದಲ್ಲಿದ್ದರೂ ಗೊತ್ತಾಗುತ್ತದೆ.

ಏಪ್ರಿಲ್ ಕೊನೆಯಲ್ಲಿ ಕೆ.ಆರ್. ಪುರಂ ಕಡೆಯ ಒಂದು ಸರ್ಕಾರಿ ಕಚೇರಿಯಿಂದ ಒಬ್ಬ ಜೂನಿಯರ್ ಎಂಜಿನಿಯರ್ ಬಂದರು. ಮೂವತ್ತು ದಾಟಿರದ ವಯಸ್ಸು, ಶರ್ಟಿನ ಜೇಬಿನಲ್ಲಿ ಮೂರು ಪೆನ್ನು. ಟಿನ್ ಫ್ಯಾಕ್ಟರಿಯಿಂದ ಮುಂದೆ ಒಂದು ಕೆರೆ ಇದೆ ಅಂದರು. ಅದರ ಹೆಸರು ನಾನಿಲ್ಲಿ ಬರೆಯುವುದಿಲ್ಲ. ಕೆರೆಯ ಏರಿಯನ್ನು ಅಗಲ ಮಾಡಿ ರಸ್ತೆ ಮಾಡಿದ್ದಾರೆ. ಹೆಚ್ಚಾದ ನೀರು ತಾನಾಗಿಯೇ ಹೊರಗೆ ಹೋಗುತ್ತಿದ್ದ ಕೋಡಿ ರಸ್ತೆಯ ಕೆಳಗೆ ಮುಚ್ಚಿಹೋಗಿದೆ. ಹಿಂದೆ ಗದ್ದೆಗಳಿಗೆ ನೀರು ಬಿಡಲು ಏರಿಯ ಅಡಿಯಲ್ಲಿ ಒಂದು ತೂಬು ಇತ್ತು. ಕಬ್ಬಿಣದ ದೊಡ್ಡ ಪೈಪು, ಅದರ ಕೆರೆಯ ಕಡೆಯ ಬಾಯಿಗೆ ಕಬ್ಬಿಣದ ಬಾಗಿಲು, ಬಾಗಿಲನ್ನು ಎತ್ತಲು ಇಳಿಸಲು ಮೇಲಿನವರೆಗೂ ಒಂದು ಸ್ಕ್ರೂ ರಾಡ್. ಗದ್ದೆಗಳು ಹೋಗಿ ಸೈಟುಗಳಾದ ಮೇಲೆ ತೂಬನ್ನು ಯಾರೂ ತೆರೆಯಲಿಲ್ಲ. ಏರಿಯ ಎರಡೂ ಮಗ್ಗುಲಲ್ಲಿ ಲಾರಿಗಟ್ಟಲೆ ಕಟ್ಟಡದ ಕಸ ಸುರಿದರು. ಈಗ ಅದು ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ.

“ನೀರು ಹೋಗೋಕೆ ದಾರಿ ಇಲ್ಲ ಮೇಡಂ. ಮಳೆ ಬಂದ್ರೆ ಕೆರೆ ಹಿಂದಕ್ಕೆ ಉಬ್ಬತ್ತೆ. ಹಿಂದ್ಗಡೆ ಒಂದು ಕಾಲೊನಿ ಇದೆ, ನಲವತ್ತು ಮನೆ. ಎರಡು ವರ್ಷದಿಂದ ಮನೆಯೊಳಗೇ ನೀರು,” ಅಂದರು.

“ತೂಬು ಸಿಕ್ಕಿದರೆ?”

“ಸಿಕ್ಕಿದ್ರೆ ತೆರೆದು ಹಳೇ ಕಾಲುವೆಯಿಂದ ರಾಜಕಾಲುವೆಗೆ ಬಿಡ್ತೀವಿ. ಅವ್ರು ಅಲ್ಲೇ ಇರ್ತಾರೆ. ಸಿಗ್ಲಿಲ್ಲ ಅಂದ್ರೆ ಮಳೆಗಾಲದ ಮುಂಚೆ ಕಾಲೊನಿ ಪೂರ್ತಿ ಹೊಸಕೋಟೆ ಆಚೆಗೆ ಶಿಫ್ಟ್. ಆರ್ಡರ್ ಟೈಪ್ ಆಗಿದೆ, ಸೈನ್ ಆಗ್ಬೇಕಷ್ಟೆ.”

ಗ್ಯಾರೇಜಿನ ಒಳಗೆಲ್ಲ ಕಣ್ಣಾಡಿಸಿ, “ಸೈಟಿಗೆ ಯಾರು ಬರ್ತಾರೆ?” ಅಂದರು. ನಾನೇ ಬರುವುದು ಅಂದೆ. ಅವರು ನನ್ನ ಚಪ್ಪಲಿಯನ್ನು ನೋಡಿದರು.

ಸೋಮವಾರ ನಾನು ಮತ್ತು ನಮ್ಮ ಟೆಕ್ನೀಷಿಯನ್ ಹೋದೆವು. ಟೆಕ್ನೀಷಿಯನ್ ಹಲಸೂರಿನವರು, ಮನೆಮಾತು ತಮಿಳು. ಬ್ಯಾಟರಿ, ಸೋಲ್ಡರಿಂಗ್ ವಿಷಯದಲ್ಲಿ ಅವರನ್ನು ಮೀರಿಸುವವರಿಲ್ಲ. ಏರಿ ಅರ್ಧ ಮೈಲಿ ಉದ್ದ. ಮೇಲೆ ಲಾರಿಗಳು, ಕೆಳಗೆ ಒಡೆದ ಇಟ್ಟಿಗೆ, ಸಿಮೆಂಟಿನ ತುಂಡು, ಅದರಿಂದ ಹೊರಗೆ ಬಂದ ಕಂಬಿ. ಬೇಸಿಗೆಯಾದ್ದರಿಂದ ಕೆರೆ ನಡುವಿಗೆ ಸರಿದಿತ್ತು. ಅಂಚಿನ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಆ ಕೆರೆಯಂಗಳದ ಆಚೆ ತುದಿಯಲ್ಲಿ ಕಾಲೊನಿ. ಕೆಲವು ಬಾಗಿಲುಗಳ ಮೇಲೆ ಮಾವಿನೆಲೆ, ಕೆಲವು ಬಾಗಿಲುಗಳ ಮೇಲೆ ಬುದ್ಧನ ಪಟ.

ನೀರು ಕೇಳಲು ಮೊದಲನೆಯ ಮನೆಗೆ ಹೋದೆ. ಒಬ್ಬ ಹೆಂಗಸು ಚೊಂಬು ತಂದುಕೊಟ್ಟಳು. ನಲವತ್ತರ ಹತ್ತಿರ ಇರಬೇಕು. ಆಮೇಲೆ ಗೊತ್ತಾಯಿತು, ಊರಿನ ಕೊನೆಯ ನೀರುಗಂಟಿಯ ಸೊಸೆ ಅವಳು. ಕೆರೆಯ ತೂಬು ತೆರೆದು ಮುಚ್ಚಿ, ಸರದಿಯ ಪ್ರಕಾರ ಗದ್ದೆಗಳಿಗೆ ನೀರು ಹಾಯಿಸುವವನು ನೀರುಗಂಟಿ. ಸುಗ್ಗಿಯಲ್ಲಿ ಪ್ರತಿ ಗದ್ದೆಯಿಂದ ಇಷ್ಟು ಕಂತೆ ಭತ್ತ ಅವನಿಗೆ. ಆ ಮನೆಯ ಗೋಡೆಯಲ್ಲಿ ನನ್ನ ಸೊಂಟದ ಎತ್ತರಕ್ಕೆ ಒಂದು ಕಂದು ಗೆರೆ ಇತ್ತು.

“ಹೋದ ವರ್ಸ ಇಲ್ಲೀಗಂಟ ಬಂತು,” ಅಂದಳು. “ಅಕ್ಕಿ ಮೂಟೆ ಅಟ್ಟದ ಮ್ಯಾಲೆ, ನಮ್ಮಾವ ಮಂಚದ ಮ್ಯಾಲೆ. ಮಂಚದ ಕೆಳಗೆ ಇಟ್ಟಿಗೆ ಜೋಡಿಸ್ತಾ ಹೋದ್ವಿ. ಇನ್ನೆರಡು ಇಟ್ಟಿದ್ರೆ ಸೂರಿಗೆ ತಲೆ ತಾಗೋದು.”

ನನ್ನ ಮೆಷೀನನ್ನು ಸುತ್ತು ಬಂದು ನೋಡಿದಳು. “ಇದು ನನ್ನ ಕಾಲ್ಗೆಜ್ಜೆಗೂ ಕೂಗ್ತದಾ?”

“ಇಲ್ಲಮ್ಮ. ಸಣ್ಣದಕ್ಕೆಲ್ಲ ಕೂಗೋದಿಲ್ಲ. ದೊಡ್ಡದಿರಬೇಕು.”

“ಇದೂ ಆಫೀಸ್ನೋರ ಹಂಗೇ ಅನ್ನಿ,” ಅಂದು ಚೊಂಬು ಇಸಿದುಕೊಂಡು ಒಳಗೆ ಹೋದಳು. ಟೆಕ್ನೀಷಿಯನ್ ನನಗೆ ಕಾಣದ ಹಾಗೆ ತಿರುಗಿ ನಕ್ಕರು.

ಅರ್ಧ ಮೈಲಿಯನ್ನೂ ಹುಡುಕುವುದು ಸಾಧ್ಯವಿರಲಿಲ್ಲ. ದೂರ ಹೆಚ್ಚು ಅಂತಲ್ಲ. ಆ ಕಸದಲ್ಲಿ ಹೆಜ್ಜೆಗೊಂದು ಕಬ್ಬಿಣ. ಮೊದಲ ದಿನ ನೂರು ಅಡಿ ನಡೆಯುವಷ್ಟರಲ್ಲಿ ಹದಿನಾಲ್ಕು ಕಡೆ ಕೂಗಿತು. ಎಲ್ಲಿ ಹುಡುಕಬೇಕು ಅನ್ನುವುದನ್ನು ಮೊದಲು ಕಿರಿದು ಮಾಡಿಕೊಳ್ಳಬೇಕಿತ್ತು.

ಅದಕ್ಕೆ ಜೆ.ಇ. ಹತ್ತಿರ ಒಂದು ಪಟ್ಟಿ ಇತ್ತು. ನೀರುಗಂಟಿ ತಾತನನ್ನು ಕೇಳಿ ಬರೆದುಕೊಂಡದ್ದು. ನೀರಿನ ಸರದಿಯ ಪ್ರಕಾರ ಹನ್ನೊಂದು ಗದ್ದೆಗಳ ಹೆಸರು. ಮೊದಲ ಸರದಿ ಹೊಂಗೆಮರದ ಗದ್ದೆ, ಕೊನೆಯ ಸರದಿ ಕಲ್ಲುಬಾನಿ ಗದ್ದೆ. “ತಾತನ್ನ ಸ್ಕೂಟರ್‌ನಲ್ಲಿ ಏರಿ ಮೇಲೆ ಕರ್ಕೊಂಡು ಬಂದಿದ್ದೆ ಮೇಡಂ. ಲಾರಿಗಳನ್ನೇ ನೋಡ್ತಾ ನಿಂತ್ರು. ‘ಇದು ನಮ್ಮ ಏರಿ ಅಲ್ಲ’ ಅಂದ್ರು. ಅಷ್ಟೇ. ಅವ್ರಿಗೆ ಇನ್ನೇನೂ ನೆನಪಿಲ್ಲ. ಆದ್ರೆ ಈ ಲಿಸ್ಟ್ ಇದೆಯಲ್ಲ, ಸಾಕು. ಫಸ್ಟ್ ಟರ್ನ್ ಯಾವ ಗದ್ದೆಗೋ, ಅದ್ರ ಹತ್ರಾನೇ ತೂಬು ಇರತ್ತೆ. ಲಾಜಿಕ್.”

ನನಗೂ ಲಾಜಿಕ್ ಅನ್ನಿಸಿತು. ಹಳೆಯ ಸರ್ವೆ ನಕ್ಷೆಯಲ್ಲಿ ಹೊಂಗೆಮರದ ಗದ್ದೆ ಏರಿಯ ಪೂರ್ವದ ತುದಿಗಿತ್ತು. ಪಟ್ಟಿಯನ್ನು ಮಡಿಸಿ ಹ್ಯಾಂಡ್‌ಬ್ಯಾಗಿನಲ್ಲಿ ಇಟ್ಟುಕೊಂಡೆ. ತಾತ ಕಾಲೊನಿಯ ಆ ಮೊದಲ ಮನೆಯ ಜಗಲಿಯ ಮೇಲೆ ದಿನವೂ ಕೂತಿರುತ್ತಿದ್ದರು. ನಾನು ಹೋಗುವಾಗ ಬರುವಾಗ ಕೈ ಮುಗಿಯುತ್ತಿದ್ದೆ. ನಿಂತು ಮಾತಾಡಿಸಲಿಲ್ಲ.

ಪೂರ್ವದ ತುದಿಯಲ್ಲಿ ಕೆರೆಯ ಕಡೆ ಇಳಿಜಾರಿನಲ್ಲಿ ನೂರೈವತ್ತು ಅಡಿ ಉದ್ದಕ್ಕೆ ದಾರ ಕಟ್ಟಿದೆವು. ಮೂರಡಿಗೊಂದು ಗೆರೆ. ಬೆಳಿಗ್ಗೆ ಮೊದಲು ಕೆರೆಯಂಗಳದ ಶುದ್ಧ ನೆಲದ ಮೇಲೆ ಮೆಷೀನನ್ನು ಹಿಡಿದು, ಮುಳ್ಳು ಸೊನ್ನೆಗೆ ಬರುವವರೆಗೆ ನಾಬ್ ತಿರುಗಿಸಬೇಕು. ಬಿಸಿಲು ಏರಿದ ಹಾಗೆ ಅದು ಜಾರುತ್ತದೆ, ಗಂಟೆಗೊಮ್ಮೆ ವಾಪಸ್ ಬಂದು ಸರಿ ಮಾಡಬೇಕು. ನಾನು ನಡೆಯುತ್ತಾ ನಂಬರ್ ಓದುವುದು, ಟೆಕ್ನೀಷಿಯನ್ ಗ್ರಾಫ್ ಶೀಟಿನಲ್ಲಿ ಬರೆಯುವುದು. ಸೀರೆಯ ಅಂಚು ಕಂಬಿಗೆ ಸಿಕ್ಕಿ ಹರಿಯುವುದು. ಮೂರನೆಯ ದಿನದಿಂದ ಸಲ್ವಾರ್ ಹಾಕಿಕೊಂಡೆ, ಕಾಲಿಗೆ ಟೆನಿಸ್ ಶೂ. ಜೆ.ಇ. ಅದನ್ನೂ ನೋಡಿದರು.

ಆರನೆಯ ದಿನ ಸಂಜೆ ಗ್ರಾಫ್ ಶೀಟಿನ ಮೇಲೆ ಒಂದು ಉದ್ದನೆಯ ಗುರುತು ಮೂಡಿತು. ಪೈಪಿನ ಅಗಲ, ಏರಿಗೆ ಅಡ್ಡವಾಗಿ. ಆಳ ಏಳು ಎಂಟು ಅಡಿ. ಎಷ್ಟು ಅಂದವಾಗಿತ್ತೆಂದರೆ ಅದನ್ನು ಫ್ರೇಮ್ ಹಾಕಿಸಬಹುದಿತ್ತು. ಮರುದಿನ ಜೆ.ಇ. ಜೆ.ಸಿ.ಬಿ. ತರಿಸಿದರು. ಕಾಲೊನಿಯೆಲ್ಲ ಬಂದು ನಿಂತಿತು. ಏಳಡಿಯಲ್ಲಿ ಸಿಕ್ಕಿದ್ದು ಒಂದು ಹಳೆಯ ಲಾರಿಯ ಚಾಸಿ.

“ಅಡ್ಡಿಯಿಲ್ಲ ಮೇಡಂ, ಇನ್ನೊಂದು ಇದೆಯಲ್ಲ,” ಅಂದರು ಟೆಕ್ನೀಷಿಯನ್. ಇನ್ನೊಂದು ಇತ್ತು, ಅಷ್ಟು ಅಂದವಾಗಿರಲಿಲ್ಲ. ಎರಡು ದಿನ ಬಿಟ್ಟು ಅಲ್ಲೂ ಅಗೆದರು. ಯಾವುದೋ ಮನೆಯ ತಾರಸಿ ಇಡೀ ಮಗುಚಿಕೊಂಡು ಬಿದ್ದಿತ್ತು, ಕಂಬಿಯ ಬಲೆ ಸಮೇತ.

ಜೆ.ಇ. ಜೇಬಿನಿಂದ ಒಂದು ಪೆನ್ನು ತೆಗೆದು ಮತ್ತೆ ಜೇಬಿಗೇ ಇಟ್ಟರು. “ಮೇಡಂ, ಬೇಜಾರ್ ಮಾಡ್ಕೋಬೇಡಿ. ನಿಮ್ಮ ಮೆಷೀನು ಗುಜರಿ ಅಂಗಡಿಯೋರಿಗೆ ಕೊಟ್ರೆ ಅವರು ಕೈ ಮುಗೀತಾರೆ. ನಮ್ಮ ಸಾಹೇಬ್ರು ಇನ್ನು ಜೆ.ಸಿ.ಬಿ. ಕೊಡಲ್ಲ. ಬುಧವಾರ ಆ ಆರ್ಡರ್ ಸೈನಿಗೆ ಹೋಗತ್ತೆ.”

ಅದು ಗುರುವಾರ. ಆರು ದಿನ ಇತ್ತು.

ಜೆ.ಸಿ.ಬಿ. ಹೋದ ಮೇಲೆ ನಾನು ಮುಖ ತೊಳೆಯಲು ಕಾಲೊನಿಯ ನಲ್ಲಿಯ ಹತ್ತಿರ ಹೋದೆ. ಇಡೀ ಕಾಲೊನಿಗೆ ಒಂದೇ ಬೋರ್‌ವೆಲ್ ನಲ್ಲಿ, ದಿನಕ್ಕೆ ಒಂದು ಗಂಟೆ. ಕೊಡಗಳ ಸಾಲು ಇತ್ತು. ನೀರುಗಂಟಿಯ ಸೊಸೆ ನಲ್ಲಿಯ ಪಕ್ಕ ನಿಂತು, ಯಾರ ಕೊಡ ಮೊದಲು ಯಾರದ್ದು ಆಮೇಲೆ ಅಂತ ಹೇಳುತ್ತಿದ್ದಳು. ನಲ್ಲಿಗೆ ಅಂಟಿಕೊಂಡಂತಿರುವ ಮನೆಯ ಹುಡುಗಿಯೊಬ್ಬಳು ಕೊಡ ಮುಂದಿಟ್ಟಳು.

“ಅತ್ಲಾಗ್ ಇಡು ಅದನ್ನ. ನಿಂದು ಕೊನೇಗೆ.”

“ನಾನೇ ಫಸ್ಟ್ ಬಂದಿದ್ದು ಅತ್ತೆ.”

“ಫಸ್ಟ್ ಬಂದ್ರೆ ನಿಂಗೆ ಮೆಡಲ್ ಕೊಡ್ತೀನಿ. ನೀರು ಕೊನೇ ಮನೆಯೋರಿಗೆ ಮೊದ್ಲು.”

ನಾನು ಟವೆಲಿನಲ್ಲಿ ಮುಖ ಒರೆಸುತ್ತಾ ಸುಮ್ಮನೆ ಕೇಳಿದೆ, ಹತ್ತಿರದವರನ್ನು ಕೊನೆಗೆ ಯಾಕೆ ಹಾಕುತ್ತೀರಿ ಅಂತ.

“ಹತ್ರದೋರು ಹೆಂಗೋ ತಗೋತಾರೆ ಅಮ್ಮ. ಕೊನೇಲಿ ಒಂದ್ ಬಿಂದಿಗೆ ಸಿಕ್ಕಿದ್ರೂ ಎತ್ಕೊಂಡು ಓಡಬೌದು. ದೂರದೋರಿಗೆ ಮೊದ್ಲು ಕೊಡ್ಲಿಲ್ಲ ಅಂದ್ರೆ ಅವ್ರಿಗೆ ಬರೋದೇ ಇಲ್ಲ. ನಮ್ಮಾವ ಕಲಿಸಿದ್ದು. ಗದ್ದೆಗೂ ಅವ್ರು ಹಂಗೇ ಬಿಡ್ತಿದ್ದಿದ್ದು, ಕಾಲುವೆ ತುದೀಲಿರೋ ಗದ್ದೆ ನೆಂದ್ ಮ್ಯಾಲೆ ಅದ್ರ ಹಿಂದಿಂದು, ಅದಾದ್ ಮ್ಯಾಲೆ ಅದ್ರ ಹಿಂದಿಂದು.”

ಟವೆಲು ಕೈಯಲ್ಲೇ ಇತ್ತು. ಹ್ಯಾಂಡ್‌ಬ್ಯಾಗ್ ತೆರೆದು ಪಟ್ಟಿಯನ್ನು ತೆಗೆದೆ. ಹತ್ತು ದಿನದಿಂದ ಅಲ್ಲೇ ಇತ್ತು, ಮಡಿಕೆಯಲ್ಲಿ ಹರಿಯಲು ಶುರುವಾಗಿತ್ತು. ಮೊದಲ ಸರದಿ ಹೊಂಗೆಮರದ ಗದ್ದೆ. ಅಂದರೆ ತೂಬಿಗೆ ಎಲ್ಲಕ್ಕಿಂತ ದೂರದ್ದು.

ಜಗಲಿಗೆ ಹೋಗಿ ತಾತನ ಪಕ್ಕ ಕೂತೆ. ಕೈ ಮುಗಿದು ಮುಂದೆ ಹೋಗದೆ ಅಲ್ಲೇ ಕೂತದ್ದು ಅಂದೇ ಮೊದಲು. ತಾತನಿಗೆ ಸ್ವಲ್ಪ ಕಿವಿ ಮಂದ. ಜೋರಾಗಿ ಕೇಳಿದೆ, “ತಾತ, ಕಲ್ಲುಬಾನಿ ಗದ್ದೆ ಎಲ್ಲಿತ್ತು?”

“ತೂಬಿನ ಬಾಯಲ್ಲೇ,” ಅಂದರು. ನಾನು ಗೊತ್ತಿರುವುದನ್ನೇ ಕೇಳುತ್ತಿದ್ದೇನೆ ಅನ್ನುವ ಹಾಗೆ. “ಪಶ್ಚಿಮದ ಕಡೆ. ಅಲ್ಲಿಂದ ಕಾಲುವೆ ಏರಿ ಮಗ್ಗುಲಲ್ಲೇ ಪೂರ್ವಕ್ಕೆ ಹೋಗೋದು.”

“ಎಂಜಿನಿಯರಿಗೆ ಇದನ್ನ ಹೇಳಲಿಲ್ವಾ?”

“ಅವ್ರು ಸರದಿ ಕೇಳಿದ್ರು, ಸರದಿ ಹೇಳ್ದೆ. ಬರ್ಕೊಂಡ್ರು. ಗಾಡಿ ಮ್ಯಾಲೆ ಕೂರಿಸ್ಕೊಂಡು ಹೋಗಿ ಲಾರಿ ಮಧ್ಯ ನಿಲ್ಸಿ, ಎಲ್ಲಿ ತೋರ್ಸು ಅಂದ್ರು. ಮ್ಯಾಲೆ ನಿಂತ್ರೆ ನಂಗೇನ್ ಗೊತ್ತಾಯ್ತದೆ? ನಂದೆಲ್ಲ ಕೆಳಗಿನ ಲೆಕ್ಕ. ನೆಲ ಯಾವ ಕಡೆ ತಗ್ಗು ಅಂತ ಕಾಲಿಗೆ ಗೊತ್ತಾಗ್ಬೇಕು.”

“ಈಗ ಅಲ್ಲಿ ಗದ್ದೆ ಇಲ್ಲ ತಾತ. ಶೆಡ್ಡುಗಳಿವೆ.”

“ಶೆಡ್ಡು ಕಟ್ಟಿದ್ರೆ ತಗ್ಗು ಎಲ್ಲಿಗ್ ಹೋಯ್ತದೆ,” ಅಂದರು ತಾತ.

ಅಲ್ಲೇ ಕೂತು ನಾನು ಒಂದು ತೀರ್ಮಾನ ಮಾಡಿದೆ. ಪಶ್ಚಿಮದ ತುದಿಯಲ್ಲೂ ಮತ್ತೆ ದಾರ ಕಟ್ಟಿ ಮೇಲಿನಿಂದ ಹುಡುಕುತ್ತಾ ಹೋದರೆ ಅಲ್ಲೂ ಲಾರಿ ಚಾಸಿಗಳೇ ಸಿಗುತ್ತವೆ. ಇನ್ನು ಮೇಲಿನಿಂದ ಹುಡುಕುವುದು ಬೇಡ. ಏರಿಯ ಹೊರಮಗ್ಗುಲಲ್ಲಿ, ಪೈಪು ಕಾಲುವೆಗೆ ಬಂದು ಸೇರುವ ಬಾಯಿಯನ್ನು ಹುಡುಕಬೇಕು. ಅದೊಂದು ತುದಿ ಕೈಗೆ ಸಿಕ್ಕರೆ, ಸಿಗ್ನಲ್ಲನ್ನು ನೆಲದ ಮೂಲಕ ಕಳಿಸುವ ಬದಲು ನೇರವಾಗಿ ಪೈಪಿಗೇ ಕೊಡಬಹುದು. ಆಗ ಪೈಪು ಮಾತ್ರ ಮಾತಾಡುತ್ತದೆ, ಸುತ್ತಲಿನ ಗುಜರಿ ಬಾಯಿ ಮುಚ್ಚಿಕೊಂಡಿರುತ್ತದೆ. ಆದರೆ ಮಣ್ಣಿನೊಳಗಿನ ಆ ತುದಿಯನ್ನು ಹುಡುಕಲು, ಪಕ್ಕದ ಶೆಡ್ಡುಗಳ ತಗಡಿಗೇ ಕೂಗುವ ಮೆಷೀನ್ ಉಪಯೋಗಕ್ಕೆ ಬರುವುದಿಲ್ಲ. ತಾತನೇ ಬೇಕು.

ಜೆ.ಇ.ಗೆ ಟೆಲಿಫೋನ್ ಬೂತಿನಿಂದ ಫೋನ್ ಮಾಡಿ, ಪಟ್ಟಿಯನ್ನು ನಾವು ತಲೆಕೆಳಗಾಗಿ ಓದಿದೆವು ಅಂದೆ. “ಜೆ.ಸಿ.ಬಿ. ಮಾತ್ರ ಕೇಳ್ಬೇಡಿ ಮೇಡಂ,” ಅಂದರು.

“ಬೇಡ. ನೀವು ಬನ್ನಿ, ಸಾಕು.”

ಮರುದಿನ ಬೆಳಿಗ್ಗೆ ತಾತನನ್ನು ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಕಾಲೊನಿಯ ಇಬ್ಬರು ಗಂಡಸರು ಹೊತ್ತು ತಂದರು. ಹಿಂದೆ ಸೊಸೆ, ಕೈಯಲ್ಲಿ ಛತ್ರಿ. ಶೆಡ್ಡುಗಳ ಹಿಂಭಾಗಕ್ಕೂ ಏರಿಗೂ ನಡುವೆ ಎಂಟಡಿ ಓಣಿ, ತುಂಬ ಪ್ಲಾಸ್ಟಿಕ್ ಕವರು. “ಇಳಿಸ್ರಪ್ಪ,” ಅಂದರು ತಾತ. ಚಪ್ಪಲಿ ಬಿಟ್ಟು ಸೊಸೆಯ ಭುಜ ಹಿಡಿದು ಬರಿಗಾಲಲ್ಲಿ ನಡೆದರು. ಹತ್ತು ಹೆಜ್ಜೆ ಹೋಗಿ ನಿಂತರು. ನಾಲ್ಕು ಹೆಜ್ಜೆ ಹಿಂದೆ ಬಂದರು.

“ಮಾವ, ಗಾಜು ಇರ್ತದೆ, ನೋಡ್ಕೊಂಡು.”

“ನೋಡೋದಕ್ಕೇ ನೀನಿರೋದು, ನಾನು ನಡೀತೀನಿ,” ಅಂದರು. ಇನ್ನೊಂದು ಸಲ ಅತ್ತಿತ್ತ ಹೋಗಿ, ಹೆಬ್ಬೆರಳಿನಿಂದ ನೆಲ ಒತ್ತಿ, “ಇಲ್ಲಿ,” ಅಂದರು.

ಹಾರೆ, ಗುದ್ದಲಿಯಲ್ಲಿ ಅಗೆದೆವು. ಕವರು, ಬೂದಿ, ಇನ್ನಷ್ಟು ಕವರು. ಎರಡೂವರೆ ಅಡಿಗೆ ಕಪ್ಪು ಜಿಗುಟು ಮಣ್ಣು ಬಂತು. ತಾತ ಒಂದು ಹಿಡಿ ಇಸಿದುಕೊಂಡು ಉಂಡೆ ಮಾಡಿ, ಇದು ಕಾಲುವೆಯ ಹೂಳು ಅಂದರು. ಅಂದು ಇಷ್ಟೇ. ಮರುದಿನ ಒಂಬತ್ತು ಗಂಟೆಯ ಹೊತ್ತಿಗೆ ನಾಲ್ಕಡಿಯಲ್ಲಿ ಹಾರೆಗೆ ಕಲ್ಲು ತಾಗಿತು. ಕಟ್ಟಿದ ಕಲ್ಲು. ಅದರ ಮಗ್ಗುಲಲ್ಲಿ ಇನ್ನೊಂದು ಸಲ ಹಾಕಿದಾಗ ಬಂದ ಸದ್ದು ಬೇರೆ. ಕೈಯಲ್ಲಿ ಮಣ್ಣು ಬಳಿದಾಗ ತುಕ್ಕು ಹಿಡಿದ ದಪ್ಪ ಅಂಚು ಬಾಗಿಕೊಂಡು ಹೋಗಿತ್ತು, ಪೈಪಿನ ಬಾಯಿ.

ಜೆ.ಇ. ಗುಂಡಿಗೆ ಇಳಿದು, ತಮ್ಮ ಪ್ಯಾಂಟು ಏನಾಯಿತೆಂದು ನೋಡದೆ ಆ ಅಂಚಿನ ಮೇಲೆ ಕೈಯಿಟ್ಟರು.

ಟೆಕ್ನೀಷಿಯನ್ ಅರದಿಂದ ತುಕ್ಕನ್ನು ಉಜ್ಜಿದರು, ಬಿಳಿ ಲೋಹ ಹೊಳೆಯುವವರೆಗೆ. ಅಲ್ಲಿಗೆ ಕೆಂಪು ವೈರಿನ ಕ್ಲಿಪ್ಪು. ಕಪ್ಪು ವೈರಿಗೆ ಹದಿನೈದು ಅಡಿ ಆಚೆ ನೆಲದಲ್ಲಿ ಒಂದು ಉಕ್ಕಿನ ಗೂಟ. ಅದರ ಬುಡಕ್ಕೆ ಸೊಸೆ ಒಂದು ಕೊಡ ನೀರು ಸುರಿದಳು, ಒಣ ನೆಲದಲ್ಲಿ ಕರೆಂಟು ಹರಿಯುವುದಿಲ್ಲ. ನಾನು ರಿಸೀವರನ್ನು ಮಾತ್ರ ಕೈಯಲ್ಲಿ ಹಿಡಿದು ಏರಿ ಹತ್ತಿದೆ. ಈ ಸಲ ಕೇಳುವ ರೀತಿ ಬೇರೆ. ಪೈಪಿನ ಎಡಕ್ಕೂ ಬಲಕ್ಕೂ ಸದ್ದು ಜೋರು, ಸರಿಯಾಗಿ ಪೈಪಿನ ನೆತ್ತಿಯ ಮೇಲೆ ಬಂದಾಗ ಸದ್ದೇ ಇಲ್ಲ. ಸದ್ದು ಸತ್ತ ಜಾಗದಲ್ಲೆಲ್ಲ ಟೆಕ್ನೀಷಿಯನ್ ಸುಣ್ಣದ ಪುಡಿಯಿಂದ ಚುಕ್ಕೆ ಇಡುತ್ತಾ ಬಂದರು. ರಸ್ತೆಯಲ್ಲಿ ಜೆ.ಇ. ಎರಡೂ ಕೈ ಚಾಚಿ ಲಾರಿಗಳನ್ನು ನಿಲ್ಲಿಸಿದರು. ಡ್ರೈವರುಗಳು ಹಾರ್ನ್ ಮಾಡಿದರು. ಅವರು ಕದಲಲಿಲ್ಲ. ಚುಕ್ಕೆಗಳು ನೇರವಾಗಿ ರಸ್ತೆ ದಾಟಿ ಕೆರೆಯ ಕಡೆ ಇಳಿದವು. ಇಳಿಜಾರಿನ ಅರ್ಧಕ್ಕೆ ಬಂದಾಗ ಎಡದ ಸದ್ದೂ ಬಲದ ಸದ್ದೂ ಎರಡೂ ಒಟ್ಟಿಗೆ ಕುಗ್ಗಿ ಹೋದವು. ಪೈಪು ಅಲ್ಲಿಗೆ ಮುಗಿಯಿತು.

ಆಳ ನೋಡಲು ಒಂದು ಸುಲಭದ ವಿಧಾನವಿದೆ. ರಿಸೀವರನ್ನು ಅರ್ಧ ಓರೆ ಮಾಡಿ ಹಿಡಿದು ಪೈಪಿನಿಂದ ಪಕ್ಕಕ್ಕೆ ನಡೆಯುತ್ತಾ ಹೋಗಬೇಕು. ಎಲ್ಲಿ ಸದ್ದು ನಿಲ್ಲುತ್ತದೋ ಅಲ್ಲಿಗೆ ಎಷ್ಟು ದೂರವೋ ಪೈಪು ಅಷ್ಟೇ ಆಳ. ಕೊನೆಯ ಚುಕ್ಕೆಯಿಂದ ಟೇಪು ಹಿಡಿದು ನೋಡಿದೆವು. ಹನ್ನೊಂದು ಅಡಿ.

“ಮೂರನೇ ಸಲ ಮೇಡಂ,” ಅಂದರು ಜೆ.ಇ. “ಪರ್ಮಿಶನ್ ಇಲ್ಲದೆ ಅಗೆದು, ಮತ್ತೆ ಚಾಸಿ ಬಂದ್ರೆ ನನ್ನ ಸಸ್ಪೆಂಡ್ ಮಾಡ್ತಾರೆ.”

ಗ್ರಾಫ್ ಶೀಟಿನ ಹಿಂಬದಿಯಲ್ಲಿ ಬರೆದು ಸಹಿ ಹಾಕಿದೆ. ಮೊದಲಿನ ಎರಡೂ ತಪ್ಪು ಜಾಗವನ್ನು ತೋರಿಸಿದ್ದು ನಾನು, ಈ ಜಾಗವನ್ನು ತೋರಿಸುತ್ತಿರುವುದೂ ನಾನೇ, ಎಂಜಿನಿಯರರ ತಪ್ಪಿಲ್ಲ ಅಂತ. ಅವರು ಓದಿ ಮಡಿಸಿ ಜೇಬಿಗೆ ಹಾಕಿಕೊಂಡರು. ಆಮೇಲೆ ಅದನ್ನು ಯಾರಿಗೂ ತೋರಿಸಲಿಲ್ಲ ಅಂತ ಕೇಳಿದೆ.

ಜೆ.ಸಿ.ಬಿ. ಕೊಟ್ಟಿದ್ದರೂ ನಾನು ಬೇಡ ಅನ್ನುತ್ತಿದ್ದೆ. ಅದರ ಒಂದು ಹೊಡೆತಕ್ಕೆ ಸ್ಕ್ರೂ ರಾಡ್ ಮುರಿದರೆ ತೂಬು ಸಿಕ್ಕೂ ಸಿಗದ ಹಾಗೆ. ಕಾಲೊನಿಯವರೇ ಅಗೆದರು. ಕೆಲಸಕ್ಕೆ ಹೋಗುವವರು ಬೆಳಿಗ್ಗೆ ಎರಡು ಗಂಟೆ ಅಗೆದು ಬಸ್ಸಿಗೆ ಓಡುತ್ತಿದ್ದರು. ಮಿಕ್ಕ ಹೊತ್ತು ಹೆಂಗಸರು. ಏರಿಯ ಮಣ್ಣಿಗೆ ಕೈ ಹಚ್ಚಬೇಡಿ, ಮೇಲೆ ಸುರಿದ ಕಸ ಮಾತ್ರ ತೆಗೆಯಿರಿ, ಮಗ್ಗುಲು ಕುಸಿಯದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿರಿ ಅಂತ ಜೆ.ಇ. ಮೇಲೆ ನಿಂತು ಕೂಗುತ್ತಿದ್ದರು. ಮೂರನೆಯ ದಿನ ಅವರೂ ಬುಟ್ಟಿ ಹಿಡಿದು ಸಾಲಿನಲ್ಲಿ ನಿಂತರು.

“ಸಾಹೇಬ್ರಿಗೆ ಕೈ ನೋಯ್ತದೆ, ಸಣ್ಣ ಬುಟ್ಟಿ ಕೊಡ್ರೇ,” ಅಂದಳು ಸೊಸೆ.

“ದೊಡ್ಡದೇ ಕೊಡಿ ಅಕ್ಕ,” ಅಂದರು ಅವರು. ಅಕ್ಕ ಅಂದದ್ದು ಅದೇ ಮೊದಲ ಸಲ ಇರಬೇಕು. ಅವಳು ಒಂದು ಕ್ಷಣ ಬುಟ್ಟಿ ಕೊಡುವುದನ್ನೇ ಮರೆತಳು.

ಸೋಮವಾರ ಸಂಜೆ ಆರಡಿಯಲ್ಲಿ ರಾಡಿನ ತುದಿ ಕಾಣಿಸಿತು. ಮೇಲಿನ ಹಿಡಿಯನ್ನು ಯಾವ ಕಾಲದಲ್ಲೋ ಯಾರೋ ಕೊಯ್ದುಕೊಂಡು ಹೋಗಿದ್ದರು, ರಾಡ್ ಸ್ವಲ್ಪ ಬಾಗಿತ್ತು. ಅದನ್ನೇ ಹಿಡಿದು ಅಗೆಯುತ್ತಾ ಇಳಿದರೆ ಮಂಗಳವಾರ ಮಧ್ಯಾಹ್ನ ಹನ್ನೊಂದು ಅಡಿಗೆ ಎರಡು ಬೆರಳು ಕಡಿಮೆಯಲ್ಲಿ ಬಾಗಿಲಿನ ಚೌಕಟ್ಟು. ಜೆ.ಇ. ಅಲ್ಲಿಂದಲೇ ಸ್ಕೂಟರ್ ಹತ್ತಿ ಕಚೇರಿಗೆ ಹೋದರು. ಬುಧವಾರದ ಫೈಲಿನಿಂದ ಆ ಆರ್ಡರನ್ನು ತೆಗೆಸಿದರು. ಹರಿದು ಹಾಕಲಿಲ್ಲ, ತೂಬು ಕೆಲಸ ಮಾಡಿದರೆ ನೋಡೋಣ ಅಂದರಂತೆ ಅವರ ಸಾಹೇಬರು.

ರಾಡ್ ಅಲ್ಲಾಡಲಿಲ್ಲ. ಸ್ಕ್ರೂವಿನ ಸುತ್ತೆಲ್ಲ ತುಕ್ಕು ಕಲ್ಲಾಗಿತ್ತು. ಸೀಮೆಎಣ್ಣೆಯನ್ನೂ ಗ್ಯಾರೇಜಿನ ಹಳೆಯ ಎಂಜಿನ್ ಆಯಿಲನ್ನೂ ಸೇರಿಸಿ, ಗೋಣಿ ಸುತ್ತಿ, ಐದು ದಿನ ದಿನಕ್ಕೆ ಮೂರು ಸಲ ಹುಯ್ದೆವು. ಟಿನ್ ಫ್ಯಾಕ್ಟರಿ ಹತ್ತಿರ ಒಂದು ಲೇಥ್ ಅಂಗಡಿಯಲ್ಲಿ ನಾಲ್ಕು ಅಡಿ ಉದ್ದದ ಹೊಸ ಹಿಡಿ ಮಾಡಿಸಿದೆವು. ಆರನೆಯ ದಿನ ನಾಲ್ಕು ಗಂಡಸರು ಒತ್ತಿದರೂ ಜರುಗಲಿಲ್ಲ. ಮೇಲೆ ಕುರ್ಚಿಯಲ್ಲಿ ಕೂತಿದ್ದ ತಾತ, “ಒತ್ತಬ್ಯಾಡಿ. ಮುಚ್ಚೋ ಕಡೆ ಒಂಚೂರು, ತೆರೆಯೋ ಕಡೆ ಒಂಚೂರು. ಹಸುಗೆ ಹಾಲು ಕರೆಯಂಗೆ,” ಅಂದರು. ಸೊಸೆ ಗಂಡಸರನ್ನು ಸರಿಸಿ ತಾನೇ ಹಿಡಿ ಹಿಡಿದಳು. ಮುಚ್ಚುವ ಕಡೆಗೊಂದು ಸಲ, ತೆರೆಯುವ ಕಡೆಗೊಂದು ಸಲ. ಬಹಳ ಹೊತ್ತಾದ ಮೇಲೆ ಕಾಲು ಸುತ್ತು ತಿರುಗಿತು. ಆಮೇಲೆ ಅರ್ಧ.

“ಎರಡು ಸುತ್ತು ಆದ್ಮ್ಯಾಲೆ ನಿಲ್ಸು,” ಅಂದರು ತಾತ. “ಒಂದೇ ಸಲ ತೆರೆದ್ರೆ ಹೂಳೆಲ್ಲ ಬಂದು ಪೈಪು ಕಟ್ಕೊಂತದೆ.”

ನಾವು ಆಚೆ ಮಗ್ಗುಲಿಗೆ ಓಡಿದೆವು. ಪೈಪಿನ ಬಾಯಲ್ಲಿ ಮೊದಲು ಗಾಳಿ ಬಂದ ಹಾಗೆ, ಆಮೇಲೆ ಟಾರಿನಂಥ ಕಪ್ಪು ಹೂಳು ಬೆರಳಿನಷ್ಟು, ತೋಳಿನಷ್ಟು. ವಾಸನೆಗೆ ಟೆಕ್ನೀಷಿಯನ್ ಕರವಸ್ತ್ರ ಮೂಗಿಗಿಟ್ಟುಕೊಂಡು, “ಕಡವುಳೇ,” ಅಂತ ತಮಿಳಿನಲ್ಲಿ ದೇವರನ್ನು ಕರೆದರು. ಅರ್ಧ ಗಂಟೆಯ ಮೇಲೆ ಆ ಕಪ್ಪಿನ ನಡುವೆ ಒಂದು ಎಳೆ ನೀರು ಕಾಣಿಸಿತು. ಸಂಜೆಯ ಹೊತ್ತಿಗೆ ಕಾಲುವೆಯಲ್ಲಿ ನೀರು ಹರಿಯುತ್ತಿತ್ತು. ಹಿಂದಿನ ಭಾನುವಾರವೇ ಕಾಲೊನಿಯವರು ಕಾಲುವೆಯ ಕವರುಗಳನ್ನೆಲ್ಲ ಎತ್ತಿ ಹಾಕಿ, ಕೆರೆಯ ನಡುವಿನ ನೀರಿನಿಂದ ಬಾಗಿಲಿನ ಗುಂಡಿಯವರೆಗೆ ಒಂದು ಸಣ್ಣ ತೋಡನ್ನೂ ತೋಡಿದ್ದರು.

ಜೂನ್ ಎರಡನೆಯ ವಾರ ದೊಡ್ಡ ಮಳೆಯಾಯಿತು. ಬೆನ್ಸನ್ ಟೌನಿನಲ್ಲಿ ನಮ್ಮ ಗೇಟಿನವರೆಗೂ ನೀರು. ಬೆಳಿಗ್ಗೆ ಆಫೀಸಿಗೆ ಲೇಟ್ ಅಂತ ಹೇಳಿ ನೇರವಾಗಿ ಕೆರೆಗೆ ಹೋದೆ. ಎರಡು ಬಸ್ಸು ಬದಲಾಯಿಸುವಷ್ಟು ಹೊತ್ತೂ, ಬಾಗಿಲು ಸರಿಯಾಗಿ ಎತ್ತಿದ್ದಾರೋ ಇಲ್ಲವೋ, ಪೈಪು ಕಟ್ಟಿಕೊಂಡಿದೆಯೋ ಅನ್ನುವುದೇ ಯೋಚನೆ. ಕೆರೆ ತುಂಬಿತ್ತು. ಕೆರೆಯಂಗಳವೆಲ್ಲ ನೀರು. ಕಾಲೊನಿಯ ಮೊದಲ ಮನೆಯ ಮುಂದೆ, ಮೆಟ್ಟಿಲಿನಿಂದ ಸುಮಾರು ಇಪ್ಪತ್ತು ಅಡಿ ದೂರದಲ್ಲಿ ನೀರು ನಿಂತಿತ್ತು. ಅಲ್ಲಿಂದ ಮುಂದೆ ಬಂದಿರಲಿಲ್ಲ. ಜಗಲಿಯಲ್ಲಿ ತಾತ ಕಾಫಿ ಕುಡಿಯುತ್ತಿದ್ದರು. ನನಗೂ ಒಂದು ಲೋಟ ಬಂತು. ಬೆಳಗಿನಿಂದ ಸೊಸೆ ಏಳು ಸುತ್ತು ತೆರೆದಿದ್ದಾಳೆ, ತಾವು ಐದು ಸಾಕು ಅಂದಿದ್ದರೂ ಅವಳಿಗೆ ಅವಸರ ಅಂತ ದೂರು ಹೇಳಿದರು. ದೂರು ಹೇಳುವಾಗ ಅವರ ಮುಖ ನೋಡಬೇಕಿತ್ತು.

ಕಚೇರಿಯವರು ಆ ಸೊಸೆಗೇ ತೂಬಿನ ಕೆಲಸ ಕೊಟ್ಟರು ಅಂತ ಜೆ.ಇ. ಆಮೇಲೆ ಫೋನಿನಲ್ಲಿ ಹೇಳಿದರು. ಆ ವರ್ಷವೇ ನನ್ನ ಮೊಣಕಾಲು ಕೈಕೊಟ್ಟಿತು. ಫೀಲ್ಡ್ ಬಿಟ್ಟು ಆಫೀಸಿನಲ್ಲಿ ಕೂತೆ. ಕೆರೆಗೆ ಮತ್ತೆ ಹೋಗಲಿಲ್ಲ.

ಕೆಲವು ವರ್ಷ ಕಳೆದು ಒಂದು ಮಧ್ಯಾಹ್ನ, ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಮೋಡ ಕಟ್ಟಿತ್ತು. ಯಾರೋ ಹಿಂದಿನಿಂದ ತೋಳು ಹಿಡಿದರು. ಅವಳು. ಕೂದಲಲ್ಲಿ ಬಿಳಿ ಬಂದಿತ್ತು. ಸೊಂಟದ ಮೇಲೆ ಒಂದು ದೊಡ್ಡ ಗ್ರೀಸ್ ಡಬ್ಬ, ಮಗುವನ್ನು ಎತ್ತಿಕೊಂಡ ಹಾಗೆ.

“ಅಮ್ಮಾವ್ರೆ, ಬಡವಾಗ್ಬಿಟ್ಟಿದ್ದೀರಲ್ಲ.”

“ವಯಸ್ಸಾಯ್ತಮ್ಮ. ತಾತ ಹೇಗಿದ್ದಾರೆ?”

“ಹೋದ್ರು. ಯುಗಾದಿ ಕಳೆದ ವಾರಕ್ಕೆ. ಕಾಯಿಲೆ ಕಸಾಲೆ ಏನಿಲ್ಲ. ಮಂಚದ ಮ್ಯಾಲೆ ಮಲಗಿದ್ದೋರು ಏಳ್ಲಿಲ್ಲ.” ಡಬ್ಬವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿದಳು. “ನಮ್ಮನೇಲೇ ಹೋದ್ರು ಅಮ್ಮ. ಅದೇ ಮನೇಲಿ.”

ಅವಳ ಕೈ ಹಿಡಿದುಕೊಂಡೆ, ಗ್ರೀಸ್ ಅಂಟಿತು. ಅವಳು ಸೆರಗಿನಿಂದ ನನ್ನ ಕೈಯನ್ನು ಒರೆಸಿದಳು. ಅಷ್ಟರಲ್ಲಿ ಅವಳ ಬಸ್ಸು ಬಂತು. ಬಾಗಿಲಲ್ಲಿ ಜನ ಮುಗಿಬಿದ್ದರು.

“ಬರ್ತೀನಮ್ಮ, ಮಳೆ ಬರೋದ್ರೊಳಗೆ ರಾಡಿಗೆ ಇದನ್ನ ಬಳೀಬೇಕು,” ಅಂದು, ಡಬ್ಬವನ್ನು ತಲೆಯ ಮೇಲೆತ್ತಿಕೊಂಡು ಆ ಗುಂಪಿನೊಳಗೆ ನುಗ್ಗಿದಳು. ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಗೆ ಜಾಗ ಸಿಕ್ಕಿತು. ಬಸ್ಸು ಕೆ.ಆರ್. ಪುರಂ ಕಡೆ ತಿರುಗುವವರೆಗೂ ಜನರ ತಲೆಗಳ ಮೇಲೆ ಆ ಡಬ್ಬ ಕಾಣಿಸುತ್ತಿತ್ತು. ಅವಳನ್ನು ನಾನು ನೋಡಿದ್ದು ಅದೇ ಕೊನೆ.